ಮೇ ತಿಂಗಳ ಹೀಟರ್

ಬೆಳಿಗ್ಗೆ ಹತ್ತಕ್ಕೇ ಪಾನಾ ಮುಟ್ಟಿದರೆ ಕೈ ಚುರ್ರೆನ್ನುವ ದಿನ
ಕೌಲ್ ಬಜಾರಿನ ನನ್ನ ಶೆಡ್ಡಿನೆದುರು ಜಿಪ್ಸಿ ತಂದು ನಿಲ್ಲಿಸಿ
ಸುಬೇದಾರ ಎರ್ರಿಸ್ವಾಮಿ ಅಂದರು:
"ಹೊನ್ನೂರ, ಹೀಟರ್ ಹತ್ತವಲ್ದು, ನೋಡು."

ಬಾಯಿತಪ್ಪಿ ಅಂದಿರಬೇಕು, ರೇಡಿಯೇಟರೇ ಇರಬೇಕು ಅಂತ
ನಾನು ಬಾನೆಟ್ ಎತ್ತಿದೆ.
ಅಲ್ಲ. ಸೀಟಿನ ಕೆಳಗೆ
ಮೂರು ತಾಳಿನ ಬುತ್ತಿ ಕ್ಯಾರಿಯರನ್ನು ಅಡ್ಡ ಮಲಗಿಸಿದಂಥ ಪೆಟ್ಟಿಗೆ.
ಎಂಜಿನ್ನಿನ ಹಂಗಿಲ್ಲದೆ ತಾನೇ ಪೆಟ್ರೋಲು ಕುಡಿದು
ತಾನೇ ಕಾದು, ಒಳಗೆ ಕೂತವರನ್ನು ಕಾಯುವ ಒಲೆ.
ಇಪ್ಪತ್ತಾರು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ.
ಬಳ್ಳಾರಿಯಲ್ಲಿ ಯಾರು ಕಂಡಾರು?
ಪಕ್ಕದಲ್ಲಿ ಜೀನ್ಸ್ ಹೊಲಿಯುವ ಹುಡುಗರು ಮಷಿನ್ ನಿಲ್ಲಿಸಿ ಬಂದರು:
"ಕಾಕಾ, ಸಾಹೇಬ್ರಿಗೆ ಒಂದು ಕೌದಿನೂ ಹೊಲಿದು ಕೊಡೋಣೇನು?"

"ಬಿಚ್ಚಿ ಮೂಲಿಗೆ ಒಗದ್ರಾತು ಬಿಡ್ರಿ" ಅಂದೆ.
"ಗಾಡ್ಯಾಗ ಇದ್ದ ಸಾಮಾನು ಕೆಲಸ ಮಾಡ್ಬೇಕು."
ಅಷ್ಟೇ ಉತ್ತರ.

ಅವರೇ ಪಾಠ ಹೇಳಿದರು. ಮೊದಲು ಫ್ಯಾನು.
ಆಮೇಲೆ ಕಡ್ಡಿ ಕೆಂಪಗಾಗಬೇಕು, ಬೀಡಿ ತುದಿಯ ಹಾಗೆ.
ಆಮೇಲೆ ಪಂಪು: ಟಿಕ್. ಟಿಕ್. ಟಿಕ್.
ಒಂದು ಟಿಕ್ಕಿಗೆ ಒಂದು ಹನಿ.
ಮೂರೂ ಸರಿ ಇದ್ದವು. ಆದರೂ ಒಂದು ಕೆಮ್ಮು,
ಬಿಳಿ ಹೊಗೆ, ಮತ್ತೆ ಸುಮ್ಮನೆ.

ಹೊಗೆ ಹೋಗುವ ಪೈಪಿಗೆ ತಂತಿ ತೂರಿಸಿದೆ.
ಬಂದದ್ದು ಮಸಿಯಲ್ಲ, ಕೆಮ್ಮಣ್ಣು!
ಸಂಡೂರಿನ ಅದಿರಿನ ಬಣ್ಣದ, ಬೆರಳಗಲದ ಕೋಣೆಗಳು,
ಒಂದೊಂದರಲ್ಲೂ ಸಾಯದೆ ಮಲಗಿದ ಹಸಿರು ಹುಳ,
ಅದರ ಪಕ್ಕ ಅಕ್ಕಿನುಚ್ಚಿನಂಥ ತತ್ತಿ.
ಕುಂಬಾರ ಹುಳದ ಮನೆ.
"ಲಡಾಖಿನಾಗ ಬರ್ಫು ಕಟ್ಟಿಕೊಳ್ಳೋದು, ಇಲ್ಲಿ ಇದು"
ಅಂದು ಸುಬೇದಾರರು ನಕ್ಕರು, ಅವತ್ತು ಒಂದೇ ಸಲ.

ಒಳಗಿನ ಗ್ಯಾಸ್ಕೆಟ್ ಸೀಳಿತ್ತು.
ಇಂಥದ್ದು ಇಲ್ಲಿ ಸಿಗುವುದಿಲ್ಲ. ಹಾಳೆ ಕತ್ತರಿಸಿ ಮಾಡಿದೆ.
ಒಮ್ಮೆ ಕೂರಿಸಿದ್ದನ್ನು ಬಿಚ್ಚಿಸಿದರು. ಮತ್ತೆ ಕೂರಿಸಿದೆ.
ಮತ್ತೆ ಬಿಚ್ಚಿಸಿದರು.
ನನಗೆ ಸಿಟ್ಟು ಬಂದಿತ್ತು, ಒಗ್ಗರಣೆ ಮಿರ್ಚಿ ತಣ್ಣಗಾಗಿತ್ತು.
ಆಗ ಟಾರ್ಚು ಹಿಡಿದವರು ಪೈಪಿಗೇ ಹೇಳುವವರಂತೆ ಹೇಳಿದರು:

"ಇಬ್ಬರು ಹುಡುಗರು. ಒಬ್ಬ ಮಾನ್ವಿ ಕಡೆಯವ.
ಚಳಿ ಅಂತ ಗಾಜು ಏರಿಸಿ, ಇಂಥದ್ದನ್ನೇ ಹಚ್ಚಿ ಮಲಗಿದ್ರು.
ಹೊಗೀಗೆ ವಾಸನಿ ಇರಂಗಿಲ್ಲ.
ಬೆಳಿಗ್ಗೆ ಎಬ್ಬಸಾಕ ಹೋದಾಂವ ನಾನು.
ಕೆನ್ನಿ ಕೆಂಪಗಿದ್ವು ಹೊನ್ನೂರ,
ನಮ್ಮೆಲ್ಲಾರ ಮುಖಕ್ಕಿಂತ ಚೆಂದ ಇದ್ವು."

ಆಮೇಲೆ ಬೇರೆ ದನಿಯಲ್ಲಿ, ಲೆಕ್ಕ ಒಪ್ಪಿಸಿದಂತೆ:
ಗಾಡಿ ಮಾರಿದ್ದಾರೆ. ತೋರಣಗಲ್ಲಿನ ಕಾರ್ಖಾನೆಯವರು ತಗೊಂಡದ್ದು.
ಮಳೆಗಾಲ ಕಳೆದ ಮೇಲೆ ಸ್ಪಿತಿಗೆ ಹೋಗುತ್ತಾರಂತೆ.
ಎಷ್ಟು ಜನ ಅಂತ ನಾನು ಕೇಳಲಿಲ್ಲ.

ಮೂರನೇ ಸಲದ ಗ್ಯಾಸ್ಕೆಟ್ಟನ್ನು
ನಾನೇ ಎರಡು ಬಾರಿ ಬಿಚ್ಚಿ ಕೂರಿಸಿದೆ.

ಮಧ್ಯಾಹ್ನ ಎರಡಕ್ಕೆ ಹತ್ತಿತು.
ಟಿಕ್ ಟಿಕ್, ಒಂದು ಗುಟುಕು, ಆಮೇಲೆ ಸ್ಟೋವಿನ ಗುಂಯ್.
ಸುಬೇದಾರರು ಒಳಗೆ ಕೂತು ಗಾಜು ನಾಲ್ಕೂ ಏರಿಸಿಕೊಂಡರು.
ಹೊರಗೆ ನಲವತ್ತಮೂರು. ಒಳಗೆಷ್ಟೋ ಅಲ್ಲಾಹನೇ ಬಲ್ಲ.
"ಹದಿನೈದು ನಿಮಿಷ" ಎಂದು ಬೆರಳಲ್ಲಿ ತೋರಿಸಿದರು.
ನಾನು ಹಿಡಿಕೆಯ ಮೇಲೆ ಕೈ ಇಟ್ಟು ನಿಂತೆ.
ಹಿಡಿಕೆ ಸುಡುತ್ತಿತ್ತು. ಕೈ ತೆಗೆಯಲಿಲ್ಲ.
ಹೊಲಿಗೆ ಹುಡುಗರು ನಗುವುದನ್ನು ಯಾವಾಗ ಬಿಟ್ಟರೋ ಗೊತ್ತಿಲ್ಲ.
ಗಾಜಿನಾಚೆ ಅವರ ಕೆನ್ನೆ ನೋಡುತ್ತಿದ್ದೆ,
ಕೆಂಪೇ ಇತ್ತು, ಆದರೆ ಬೆವರಿನ ಕೆಂಪು,
ಕಣ್ಣು ರೆಪ್ಪೆ ಬಡಿಯುತ್ತಿತ್ತು.
ನಿಮಿಷಕ್ಕೊಮ್ಮೆ ಗಾಜು ಕುಟ್ಟಿದೆ, ಅವರೂ ಒಳಗಿಂದ ಕುಟ್ಟಿದರು.

ಇಳಿದಾಗ ಅಂಗಿ ಹಿಂಡುವಂತಿತ್ತು.
"ಸರಿ ಐತಿ" ಅಂದು ಒಂದು ಚೊಂಬು ನೀರು ಕುಡಿದು
ಹೇಳಿದ್ದಕ್ಕಿಂತ ನೂರು ಹೆಚ್ಚು ಕೊಟ್ಟು ಹೋದರು.
ಪೈಪಿನ ಬಾಯಿಗೆ ನಾನು ಜಾಲರಿ ಬಿಗಿದಿದ್ದೆ.

ಸಂಜೆ ಆ ಕುಂಬಾರ ಹುಳ ಬಂತು, ಬಾಯಲ್ಲಿ ಹಸಿಮಣ್ಣಿನುಂಡೆ.
ಗಾಡಿ ನಿಂತಿದ್ದ ಕಡೆ ಎಷ್ಟೋ ಹೊತ್ತು ಸುತ್ತಿ ಸುತ್ತಿ
ಕಡೆಗೆ ನನ್ನ ಹದಿಮೂರರ ಸಾಕೆಟ್ಟಿನೊಳಗೆ ಇಳಿಯಿತು.
ಇರಲಿ.
ಈ ವಾರ ಹದಿಮೂರರ ನಟ್ಟುಗಳಿಗೆಲ್ಲ ರಿಂಗ್ ಪಾನಾ ಸಾಕು.